ತೂಕದ ಸೆಟ್ಟು

"ಒಸಿ ಎತ್ತಿ ನೋಡವ್ವ, ಹನ್ನೆರಡು ಕೇಜಿ! ಸೆಟ್ಟು ಅಂದ್ರೆ ಇದು ಕಣವ್ವ," ಎಂದು ಚನ್ನಲಿಂಗಪ್ಪ ತಮ್ಮ ಹಳೇ ರೇಡಿಯೊದ ಬೆನ್ನು ತಟ್ಟಿದರು. ಕಬ್ಬಾಳು ಬೆಟ್ಟದ ಬುಡದಲ್ಲಿ ರಾಮನಗರದ ಹ್ಯಾಮ್ ರೇಡಿಯೊ ಹವ್ಯಾಸಿಗಳ ಕ್ಲಬ್ಬಿನವರು ಶಾಮಿಯಾನ ಹಾಕಿದ್ದರು. ಚನ್ನಲಿಂಗಪ್ಪ ಕ್ಲಬ್ಬಿನ ಅಧ್ಯಕ್ಷರು.

ಭಾನುಪ್ರಿಯ ಎತ್ತಲಿಲ್ಲ. ಅದೇ ಕ್ಲಬ್ಬಿಗೆ ಸೇರಿದ್ದ, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ಅವಳಿಗೆ ಆ ಸೆಟ್ಟಿನ ತೂಕ ಕಟ್ಟಿಕೊಂಡು ಏನಾಗಬೇಕು? ಅದಕ್ಕೆ ಕಿವಿ ಕೇಳಿದರೆ ಸಾಕಿತ್ತು. ಕಾಲೇಜು ಮಕ್ಕಳನ್ನು ಬೆಟ್ಟ ಹತ್ತಿಸಿಕೊಂಡು ಹೋದ ಕ್ಲಬ್ಬಿನ ಅಶ್ವಥ್ ಅರ್ಧ ಗಂಟೆಗೊಮ್ಮೆ ಕರೆಯಬೇಕಿತ್ತು. ಮೇಲೆ ಮೊಬೈಲ್ ಸಿಗುವುದಿಲ್ಲ. ಹತ್ತೂವರೆಗೆ ಒಮ್ಮೆ ಮಾತಾಡಿದವನು ಹನ್ನೆರಡೂವರೆಯಾದರೂ ಪತ್ತೆಯಿಲ್ಲ.

ಅವನು ಒಯ್ದಿದ್ದು ಅವಳೇ ಸ್ಟೀಲಿನ ಟಿಫನ್ ಡಬ್ಬಿಯೊಳಗೆ ಜೋಡಿಸಿದ ಪುಟ್ಟ ರೇಡಿಯೊ. ಅದರ ಜೋಡಿ ಡಬ್ಬಿ ಅವಳ ಬ್ಯಾಗಿನಲ್ಲಿತ್ತು.

"ಸರ್, ಆಂಟೆನಾ ಒಂದ್ಸಲ ನನ್ ಡಬ್ಬಿಗೆ ಹಾಕಿ ನೋಡ್ಲಾ?" ಮೂರನೇ ಸಲ ಕೇಳಿದಳು.

"ಚಿತ್ರಾನ್ನದ ಡಬ್ಬೀಲಿ ಯಾವ ರೇಡಿಯೊ ಬುಡವ್ವ! ಇದ್ರಲ್ಲಿ ಕೇಳ್ದಿದ್ರೆ ಮೇಲ್ಗಡೆ ಯಾರೂ ಮಾತಾಡ್ತಿಲ್ಲ ಅಂತ. ನಲವತ್ತು ವರ್ಸ ಗೂಡು ಹಿಡಿದ ಕೈ ಇದು. ಅಂಗೈಲಿ ತೂಗಿದ್ರೆ ಮಾಲು ಎಂಥದ್ದು ಅಂತ ಗೊತ್ತಾಯ್ತೈತೆ."

ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ತಲೆ ಹಣ್ಣಾದವರು. ಸುತ್ತಲಿದ್ದ ಗಂಡಸರು ಹೋ ಎಂದು ನಕ್ಕರು.

ಭಾನುಪ್ರಿಯಳ ಪಿತ್ತ ನೆತ್ತಿಗೇರಿತು. "ತೂಕ ಇರೋ ಗೂಡಲ್ಲೆಲ್ಲ ರೇಷ್ಮೆ ಇರಲ್ಲ ಸರ್, ಹುಳಾನೇ ದಪ್ಪ ಇರ್ತೈತೆ. ನಿಮಗೆ ನಾನ್ ಹೇಳ್ಬೇಕಾ?" ಎಂದವಳೇ ಅವರ ಸೆಟ್ಟಿನಿಂದ ಆಂಟೆನಾ ತಂತಿ ಕಿತ್ತು ತನ್ನ ಡಬ್ಬಿಗೆ ಸಿಕ್ಕಿಸಿದಳು.

ಗರಗರ ಸದ್ದಿನ ನಡುವೆ ಬಳಲಿದ ದನಿ. "...ಹೆಜ್ಜೇನು ಮುತ್ಕೊಂಡವೆ... ಯಾರಾದ್ರೂ ಕೇಳ್ತಿದ್ದೀರಾ... ಹುಡ್ಗಿಗೆ ಉಸ್ರು ಕಟ್ತಾ ಐತೆ..."

ನಗು ನಿಂತಿತು. ಎಲ್ಲಿದ್ದಾರೆಂದು ಭಾನುಪ್ರಿಯ ಕೇಳಿ ತಿಳಿದಳು. ಬೆಟ್ಟದ ಹಿಂಭಾಗ, ಬಂಡೆಯ ಮೇಲೆ ನೀರು ನಿಲ್ಲುವ ದೊಣೆಯ ಹತ್ತಿರ. ಊರಿನ ಹತ್ತು ಜನ ಕಂಬಳಿ ಹೊದ್ದು ಓಡಿದರು.

ಮೂರು ಗಂಟೆಗೆ ಹುಡುಗಿಯನ್ನು ಹೊತ್ತು ತಂದು ಆಂಬುಲೆನ್ಸಿಗೆ ಹತ್ತಿಸಿದರು. ಉಸಿರಿತ್ತು, ಎಚ್ಚರವಿರಲಿಲ್ಲ. "ಇಷ್ಟೊತ್ತು ಏನ್ ಮಾಡ್ತಿದ್ರಿ ಎಲ್ಲಾ?" ಎಂದು ನರ್ಸ್ ರೇಗಿ ಬಾಗಿಲೆಳೆದುಕೊಂಡಳು.

ಚನ್ನಲಿಂಗಪ್ಪ ಭಾನುಪ್ರಿಯಳನ್ನು ಪಕ್ಕಕ್ಕೆ ಕರೆದರು. "ಅಶ್ವಥ್‌ನ ಬ್ಯಾಟ್ರಿ ಕೈಕೊಟ್ಟಿತ್ತು ಅಂತ ಹೇಳ್ಬುಡಾಣ ಕಣವ್ವ. ಕ್ಲಬ್ಬಿನ ಮರ್ವಾದೆ ಪ್ರಶ್ನೆ."

"ಥೂ! ನಾಚ್ಕೆ ಆಗಲ್ವಾ ಸರ್ ನಿಮಗೆ? ಒಂದು ಜೀವದ ಪ್ರಶ್ನೆ ಅದು!" ಎಂದು ಸಿಡಿದಳು ಭಾನುಪ್ರಿಯ. ಮೊದಲ ಸಲ ಕೇಳಿದಾಗಲೇ ತಂತಿ ಕೀಳದೆ, ಅಪ್ಪಣೆಗೆ ಕಾಯುತ್ತ ನಿಂತ ತನ್ನ ಮೇಲೂ ಅಷ್ಟೇ ಸಿಟ್ಟು ಬಂತು.

ಅಷ್ಟರಲ್ಲಿ ಇಬ್ಬರು ಅಶ್ವಥ್‌ನನ್ನು ಕೈ ಹಿಡಿದು ಕರೆತಂದರು. ಮುಖ ಊದಿ ಎರಡೂ ಕಣ್ಣು ಮುಚ್ಚಿಹೋಗಿದ್ದವು.

"ಲಿಂಗಪ್ಪಣ್ಣ ಎಲ್ಲವ್ರೆ? ಹನ್ನೊಂದು ಗಂಟೆಯಿಂದ ಕೂಗ್ತಾನೇ ಇದ್ದೆ. ನೀವೆಲ್ಲ ಎಲ್ಗೋಗಿದ್ರಿ?"

ಭಾನುಪ್ರಿಯ ಚನ್ನಲಿಂಗಪ್ಪನವರ ಕಡೆ ತಿರುಗಿದಳು.

"ನೀವೇ ಹೇಳಿ ಸರ್," ಎಂದಳು. "ಇಲ್ಲೇ ನಿಮ್ಮ ಮುಂದೇನೇ ನಿಂತವ್ನೆ."

"ಲಿಂಗಪ್ಪಣ್ಣ ಇಲ್ಲೇ ಅವ್ರಾ?" ಅಶ್ವಥ್ ಅವರ ಭುಜಕ್ಕಾಗಿ ಗಾಳಿಯಲ್ಲಿ ಕೈ ಚಾಚಿದ. ಚನ್ನಲಿಂಗಪ್ಪ ಸದ್ದಾಗದಂತೆ ಒಂದು ಹೆಜ್ಜೆ ಹಿಂದಕ್ಕೆ ಸರಿದರು.