ತುಂಗ್ ಡಾಕ್ಟರ ಲೋಟ

ಮಹದೇವಪುರದವರ ಹುಳುಕು ಹಲ್ಲು ಕೀಳಲೆಂದೇ ದೇವರು ಚೀನಾದಿಂದ ಒಬ್ಬನನ್ನು ನಡೆಸಿಕೊಂಡು ಬಂದನೇನೋ ಎಂಬಂತೆ ತುಂಗ್ ಡಾಕ್ಟರು ಆ ಊರಿಗೆ ಬಂದಿದ್ದರು. ಅರವತ್ತೆರಡರ ಯುದ್ಧದ ಮೇಲೆ ಊರು ಅವರನ್ನು ಓರೆಗಣ್ಣಿನಿಂದ ನೋಡಿತು. 'ಬನ್ನಿ, ಕೂತ್ಕೊಳಿ' ಎಂದದ್ದು ಸಾರಾಯಿ ಅಂಗಡಿಯೊಂದೇ.

ಹಿರಿಯರು ಕೊಟ್ಟ ಲೋಟವನ್ನು ಒಂದೇ ಗುಟುಕಿಗೆ ಬರಿದು ಮಾಡುವುದು ಅವರ ಹುಟ್ಟೂರಿನ ಮರ್ಯಾದೆ. ಬರಿದಾದ ಲೋಟ ಕಂಡರೆ ತುಂಬಿಸುವುದು ಈ ಊರಿನ ಮರ್ಯಾದೆ. ಎರಡು ಮರ್ಯಾದೆಗಳ ನಡುವೆ ಮನುಷ್ಯ ಹದಿನೈದು ವರ್ಷ ಮುಳುಗೆದ್ದರು. ಕೊನೆಗೊಂದು ದಿನ ನಡುಗುವ ಕೈಯಿಂದ ರಾಮಕ್ಕನ ಹುಳುಕು ಹಲ್ಲು ಬಿಟ್ಟು ಗಟ್ಟಿ ಹಲ್ಲನ್ನೇ ಕಿತ್ತರು. ಅಂದಿನಿಂದ ಕುಡಿದಿರಲಿಲ್ಲ. ಮಗಳು ಶುಫೆನ್ ದಿನ ಎಣಿಸುತ್ತಿದ್ದಳು: ಮೂವತ್ತೊಂದು.

ಆ ಮೂವತ್ತೊಂದನೆಯ ದಿನವೇ, ಡಾಕ್ಟರು ಹಲ್ಲು ಕೀಳುತ್ತಿದ್ದ ಬಾಡಿಗೆ ಮಳಿಗೆಯ ಮಾಲೀಕ ನಲ್ಲಪ್ಪನ ಮನೆಯಲ್ಲಿ ಬಾಡೂಟ. ಹುಣಸೆಮರದ ಕೆಳಗೆ ಗಂಡಸರ ಸಾಲಿನಲ್ಲಿ ಎಲೆಗಳ ಜೊತೆ ಲೋಟಗಳೂ ಇದ್ದವು.

"ಏನ್ ಡಾಕ್ಟ್ರೇ, ತಿಂಗ್ಳಾತು, ಅಂಗ್ಡಿ ಕಡೆ ಮಕಾನೇ ಇಲ್ಲ! ನಮ್ ಜತೆ ಕುಡಿಯಾಕೆ ಕುಲ ಅಡ್ಡ ಬಂತಾ?" ನಲ್ಲಪ್ಪ ಸಾರಾಯಿ ಶೀಸೆ ಹಿಡಿದು ಬಂದ.

ಸಾಲೆಲ್ಲ ನಕ್ಕಿತು. ತುಂಗ್ ಡಾಕ್ಟರ ಕೈ ಲೋಟವನ್ನು ಮುಂದೆ ಸರಿಸಿತು.

ಹೆಂಗಸರ ಸಾಲಿನಿಂದ ಶುಫೆನ್ ಎದ್ದಳು. ಸಾರು ಮೆತ್ತಿದ ಕೈಯಲ್ಲೇ ಬಂದು ಅಪ್ಪನ ಲೋಟದ ಮೇಲೆ ಅಂಗೈ ಅಗಲಿಸಿ ಇಟ್ಟಳು.

"ಅಯ್ಯೋ, ಎಂಜ್ಲು ಕೈ ಕಣೇ!" ಯಾರೋ ಕೂಗಿದರು.

"ಎಂಜ್ಲೇ. ಎಲೆ ಮೇಲೆ ಕೈ ಅಡ್ಡ ಇಟ್ರೆ ಸಾಕು ಅಂತ ತಾನೇ ಅರ್ಥ, ಮಾವ?"

"ಕೈ ಇಟ್ರೂ ಬೆಳ್ಳು ಸಂದೀಲಿ ಬಡಿಸೋರು ಕಣಮ್ಮ ನಾವು!" ನಲ್ಲಪ್ಪ ನಗುತ್ತಲೇ ಶೀಸೆ ಬಗ್ಗಿಸಿದ. ಸಾರಾಯಿ ಅವಳ ಬೆರಳುಗಳ ಮೇಲೆ ಹರಿದು ಎಲೆಗೆ ಇಳಿಯಿತು. ಅವಳು ಕದಲಲಿಲ್ಲ.

"ಪೂರ್ತಿ ಉಯ್ಯಿರಿ. ಶೀಸೆ ಖಾಲಿ ಆಗತ್ತೆ, ಕೈ ಮಾತ್ರ ಎತ್ತಲ್ಲ."

ನಲ್ಲಪ್ಪನ ನಗು ಆರಿತು. "ಎಣ್ಣೈಕ್ಳು ಇಂಗೆ ಎದುರಾಡುದ್ರೆ ಮಳ್ಗೆ ಖಾಲಿ ಮಾಡಿಸ್ಬೇಕಾಯ್ತದೆ."

"ಮಾಡ್ಸಿ. ಮರದ ಕೆಳಗೆ ಕುರ್ಚಿ ಹಾಕ್ತೀವಿ. ಊರು ಬಿಡಲ್ಲ. ನಾನು ಇಲ್ಲೇ ಹುಟ್ಟಿದೋಳು, ಇಲ್ಲೇ ಇರೋಳು. ನಮ್ಮಪ್ಪ ಕುಡೀದೇನೂ ಇಲ್ಲೇ ಇರ್ತಾರೆ."

ಯಾರೂ ಉಣ್ಣುತ್ತಿರಲಿಲ್ಲ. ತುಂಗ್ ಡಾಕ್ಟರು ಮಗಳ ಒದ್ದೆ ಕೈಯನ್ನೇ ನೋಡಿದರು. ಆಮೇಲೆ ತಮ್ಮ ಕೈ ಎತ್ತಿ ಅದರ ಮೇಲಿಟ್ಟರು.

"ಸಾಕು, ಯಜಮಾನ್ರೇ. ಮುದ್ದೆ ಇದ್ರೆ ಇನ್ನೊಂದು ಹಾಕ್ಸಿ."