ಮಧ್ಯಂತರದ ಆಚೆ ಈಚೆ

ಪರದೆಯ ಮೇಲೆ ಆ ಹೆಣ್ಣು ನಮಗೆ ಬೆನ್ನು ಹಾಕಿ ಓಡಿದಳು. ಮಾಳಿಗೆಯ ಅಂಚಿನಲ್ಲಿ ಒಂದು ಕ್ಷಣವೂ ನಿಲ್ಲದೆ ಕೆಳಗಿನ ಅಂಗಳದ ಕಲ್ಲುಹಾಸಿಗೆ ಹಾರಿದಳು. ಒಣಹಾಕಿದ್ದ ನೀಲಿ ಬಟ್ಟೆಗಳೆಲ್ಲ ಅವಳ ಹಿಂದೆಯೇ ಕಳಚಿ ಬಿದ್ದವು. ಅದೇ ಹೊತ್ತಿಗೆ ಪಕ್ಕದ ಕುರ್ಚಿಯಿಂದ ಚಿಕ್ಕಮ್ಮ ನನ್ನ ತೋಳು ಗಿಲ್ಲಿದಳು.

"ನಾನು!" ಎಂದಳು, ಇಡೀ ಸಾಲಿಗೆ ಕೇಳುವಂತೆ.

ಮುಂದಿನ ಸಾಲಿನವನೊಬ್ಬ ತಿರುಗಿ, "ಗೊತ್ತು ವೇಣಕ್ಕ, ಹೋದ ವರ್ಷವೂ ನೀವೇ ಹಾರಿದ್ರಿ" ಎಂದ.

"ಬರೋ ವರ್ಷವೂ ನಾನೇ ಹಾರ್ತೀನಿ. ಮುಂದೆ ನೋಡು."

ನಮ್ಮ ಊರಿನ ಟಾಕೀಸಿನಲ್ಲಿ ವರ್ಷಕ್ಕೊಮ್ಮೆ 'ಬಣ್ಣದ ಹಗೆ' ಚಿತ್ರ ಹಾಕುತ್ತಿದ್ದರು. ಅದರ ಹೊಡೆದಾಟಗಳಲ್ಲಿ ನಾಯಕಿಗೆ ಡೂಪ್ ಆಗಿದ್ದವಳು ನನ್ನ ಚಿಕ್ಕಮ್ಮ ನಾಗವೇಣಿ. ಮುಖ ನಾಯಕಿಯದು, ಬೆನ್ನು ಇವಳದು. ಹೆಸರುಗಳ ಪಟ್ಟಿಯಲ್ಲಿ ಮಾತ್ರ ಇವಳು ಎಲ್ಲೂ ಇರಲಿಲ್ಲ. ಹಾಗೆಂದು ಕೊರಗುವ ಜಾತಿಯವಳಲ್ಲ. ತನ್ನ ಹೆಸರನ್ನು ತಾನೇ ಊರಿಗೆಲ್ಲ ಸಾರಿಕೊಂಡಿದ್ದಳು.

ಚಿತ್ರದ ಕತೆ ಇಷ್ಟೆ: ಬಟ್ಟೆಗೆ ಬಣ್ಣ ಹಾಕುವವನ ಮಗಳು. ಅವಳ ಮನೆಯನ್ನು ಸುಟ್ಟವರನ್ನು ಅವಳು ಒಬ್ಬೊಬ್ಬರನ್ನಾಗಿ ಹುಡುಕಿ ಕೊಲ್ಲುತ್ತಾಳೆ. ಮಧ್ಯಂತರದವರೆಗೆ ಅದು ಕುಣಿತದಂಥ ಚಿತ್ರ. ನೀಲಿ ಕೋಣೆಯಲ್ಲಿ ಸತ್ತವನ ನೆತ್ತರು ನೀಲಿ, ಅರಿಶಿನದ ಕೋಣೆಯಲ್ಲಿ ಸತ್ತವನದು ಅರಿಶಿನ. ಯಾರೂ ಮಾತಾಡುವುದಿಲ್ಲ, ಕತ್ತಿಯ ಸದ್ದು ಬಿಟ್ಟರೆ ಬರೀ ತಮಟೆ. ಮಧ್ಯಂತರ ಕಳೆದದ್ದೇ ಬಣ್ಣವೆಲ್ಲ ತೊಳೆದುಹೋದಂತೆ ಪರದೆ ಬೂದಿಬಣ್ಣವಾಗುತ್ತದೆ. ಜನ ಕೂತು ಮಾತಾಡುತ್ತಾರೆ, ಗಂಜಿ ಕುಡಿಯುತ್ತಾರೆ. ಕೊನೆಯ ಶತ್ರು ಮುದುಕನಾಗಿದ್ದಾನೆ. ಅವಳು ನಮಗೆ ಬೆನ್ನು ಹಾಕಿ ಅವನ ಮನೆಯ ಉದ್ದನೆಯ ಮೆಟ್ಟಿಲು ಹತ್ತುತ್ತಾಳೆ, ಅಲ್ಲಲ್ಲಿ ನಿಲ್ಲುತ್ತಾಳೆ. ಕೈ ಕತ್ತಿಯ ಹಿಡಿಗೆ ಹೋಗುತ್ತದೆ, ಇಳಿಯುತ್ತದೆ. ಒಳಗೆ ಹೋಗುತ್ತಾಳೆ, ಬಾಗಿಲು ಮುಚ್ಚುತ್ತದೆ. ಕೊಂದಳೋ ಬಿಟ್ಟಳೋ, ಆ ನಿರ್ದೇಶಕನಿಗೇ ಗೊತ್ತು.

ಎಂದೋ ಒಮ್ಮೆ ಈ ಎರಡರಲ್ಲಿ ಯಾವ ಅರ್ಧ ಹೆಚ್ಚು ಎಂಬ ಜಗಳ ಕೈಕೈ ಮಿಲಾಯಿಸುವವರೆಗೆ ಹೋದಾಗ ಟಾಕೀಸಿನ ಯಜಮಾನ ಬಸೆಟ್ಟಪ್ಪನವರು ಅದನ್ನು ಒಂದು ಕಟ್ಟಳೆಯಾಗಿಸಿದ್ದರು. ಚಿತ್ರ ಮುಗಿದ ಮೇಲೆ ಎರಡೂ ಕಡೆಯಿಂದ ಒಬ್ಬೊಬ್ಬರು ವಾದ ಮಾಡಬೇಕು. ಜನ ಕೈ ಎತ್ತಿ ಗೆಲ್ಲಿಸಿದ ಅರ್ಧವನ್ನು ಅಲ್ಲೇ ಮತ್ತೊಮ್ಮೆ ತೋರಿಸಬೇಕು. ಅದಕ್ಕೆ ಮೊದಲು, ಗೆದ್ದವರು ಹೇಳಿದ ವ್ಯಕ್ತಿಯನ್ನು ಹೆಸರು ಹಿಡಿದು ವೇದಿಕೆಗೆ ಕರೆದು ಚಿತ್ರದ ಕತ್ತಿಯನ್ನು ಕೈಗೆ ಕೊಡಬೇಕು. ಆ ವರ್ಷ ಮೊದಲರ್ಧದ ಪರ ಮಾತಾಡುವ ಸರದಿ ನನ್ನದು. ಚಿಕ್ಕಮ್ಮನ ಬೆನ್ನನ್ನಷ್ಟೇ ತೋರಿಸಿದ್ದ ಆ ಪರದೆಯ ಮುಂದೆ ಅವಳ ಹೆಸರನ್ನು ಕೂಗಿಸಬೇಕೆಂಬುದೊಂದೇ ನನ್ನ ಹಟವಾಗಿತ್ತು.

ಮೆಟ್ಟಿಲಿನ ದೃಶ್ಯ ಬಂದಾಗ ಚಿಕ್ಕಮ್ಮ ಎಂದಿನಂತೆ, "ಕಡಲೆಕಾಯಿ ತರ್ತೀನಿ" ಎಂದು ಎದ್ದುಹೋದಳು. ತಾನಿಲ್ಲದ ಚಿತ್ರ ಅವಳಿಗೆ ಯಾಕೆ ಎಂದುಕೊಂಡೆ.

ಎರಡನೆಯ ಅರ್ಧದ ವಕೀಲರು ಡ್ರಾಯಿಂಗ್ ಮೇಷ್ಟ್ರು ಶೇಷಗಿರಿ. "ಮೊದಲರ್ಧದಲ್ಲಿ ಅವಳು ಕೈ ಬೀಸ್ತಾಳೆ. ಮೆಟ್ಟಿಲ ಮೇಲೆ ಯೋಚನೆ ಮಾಡ್ತಾಳೆ. ಬೆನ್ನು ಯೋಚನೆ ಮಾಡೋದನ್ನ ನಾನು ಬೇರೆಲ್ಲೂ ನೋಡಿಲ್ಲ" ಎಂದರು.

ನಾನು ಎದ್ದೆ. ದೇಶದೇಶಗಳ ಕತೆಗಳನ್ನು ಕನ್ನಡದಲ್ಲಿ ಓದಿ ತಲೆ ತುಂಬಿಸಿಕೊಂಡಿದ್ದ ವಯಸ್ಸು, ನಾಲಿಗೆ ಸುಮ್ಮನಿರುತ್ತಿರಲಿಲ್ಲ. "ಮಾಳಿಗೆಯಿಂದ ಹಾರೋದಕ್ಕೆ ಎದೆ ಬೇಕು ಮೇಷ್ಟ್ರೇ. ಮೆಟ್ಟಿಲು ಹತ್ತೋದನ್ನ ನಮ್ಮಜ್ಜಿಯೂ ಮಾಡ್ತಾಳೆ, ಅಲ್ಲಲ್ಲಿ ನಿಂತ್ಕೊಂಡೇ!"

ಗಾಂಧಿ ಕ್ಲಾಸಿನಿಂದ ಶಿಳ್ಳೆ ಎದ್ದಿತು. ಕೈಗಳೂ ಎದ್ದವು. ಎಣಿಸುವ ಅಗತ್ಯವೇ ಬೀಳಲಿಲ್ಲ. ನಾನು ಯಜಮಾನರ ಕಿವಿಯಲ್ಲಿ ಹೆಸರು ಹೇಳಿದೆ. ಅವರು ಅದನ್ನು ಮೈಕಿನಲ್ಲಿ ಕೂಗಿದರು.

ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ವೇದಿಕೆ ಹತ್ತಿದಳು. ಬಾಯಲ್ಲಿ ಇನ್ನೂ ಕಡಲೆಕಾಯಿ ಇತ್ತು. ಯಜಮಾನರು ಕತ್ತಿ ಚಾಚಿದರು. ಅವಳು ಅದನ್ನು ನೋಡದೆ ನನ್ನತ್ತ ತಿರುಗಿದಳು.

"ಲೋ, ಮೆಟ್ಟಿಲು ಹತ್ತಿದವಳು ನಿಮ್ಮಜ್ಜಿ ಅಲ್ಲ. ನಾನು."

ಟಾಕೀಸೇ ನಕ್ಕಿತು. "ನಡೆಯೋಕೂ ಡೂಪಾ ವೇಣಕ್ಕ?" ಎಂದು ಯಾರೋ ಕೂಗಿದರು.

"ನೋಡಿದ್ರಾ? ಮೊದಲನೇ ಸಲ ಹೇಳಿದಾಗಲೂ ಹೀಗೇ ನಕ್ಕಿದ್ರು. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ." ಅವಳು ನಗುತ್ತಿರಲಿಲ್ಲ. "ಆ ಹೀರೋಯಿನ್ ಯಮ್ಮ ನಡೆದ್ಲು, ನಡೆದ್ಲು, ಬೆಳಗ್ಗೆಯಿಂದ ಮಧ್ಯಾಹ್ನದ ತನಕ. 'ನಿಮ್ಮ ಬೆನ್ನು ನಟಿಸ್ತಾ ಇದೆ' ಅಂತ ಡೈರೆಕ್ಟರ್ ತಲೆ ಚಚ್ಕೊಂಡ. ಕೊನೆಗೆ ನನ್ನ ಕರೆದ. ಮಾಳಿಗೆಯಿಂದ ಹಾರಿ ನನ್ನ ಎಡಗಾಲಿನ ಹಿಮ್ಮಡಿ ಮೂಳೆ ಬಿರುಕು ಬಿಟ್ಟಿತ್ತು."

ನಗು ಇನ್ನೂ ಪೂರ್ತಿ ಅಡಗಿರಲಿಲ್ಲ. ಅಷ್ಟರಲ್ಲಿ ಮೇಷ್ಟ್ರು ಎದ್ದು ನಿಂತರು. "ಹೌದು" ಎಂದರು, ತಮಗೆ ತಾವೇ ಹೇಳಿಕೊಂಡಂತೆ. "ಮೆಟ್ಟಿಲಿಗೆ ಎಡ ಹಿಮ್ಮಡಿ ತಾಗೋದೇ ಇಲ್ಲ. ನಾನು ಆ ಕಾಲನ್ನ ಎಷ್ಟು ಸಲ ಬರೆದಿದ್ದೀನಿ!" ಆಮೇಲೆ ಅವಳನ್ನು ಕೇಳಿದರು: "ಹಾಗಾದ್ರೆ ಅಮ್ಮಾ, ನೀವು ಅಲ್ಲಲ್ಲಿ ನಿಂತದ್ದು ನೋವಿಗಾ?"

"ನೋವು ಪ್ರತಿ ಮೆಟ್ಟಿಲಿಗೂ ಇತ್ತು ಮೇಷ್ಟ್ರೇ. ನೋವಿಗೇ ನಿಲ್ಲೋದಾಗಿದ್ರೆ ಮೇಲೆ ಹೋಗ್ತಾನೇ ಇರಲಿಲ್ಲ. ಎಲ್ಲಿ ನಿಲ್ಲಬೇಕು ಅನ್ನಿಸ್ತೋ ಅಲ್ಲಿ ನಿಂತೆ. ಯಾರೂ ಹೇಳಿಕೊಡಲಿಲ್ಲ."

ನಾನು ಗೆದ್ದ ವಾದವನ್ನು ನನ್ನ ಚಿಕ್ಕಮ್ಮನೇ ಬುಡಸಮೇತ ಕಿತ್ತಳು. ನನ್ನ ಎದೆಯೋ ಅಂಗಿಯ ಗುಂಡಿ ಹಾರುವಷ್ಟು ಉಬ್ಬಿತ್ತು. ಕೋಣೆಕೋಣೆಯಲ್ಲಿ ಕತ್ತಿ ಬೀಸಿದ ಬೆನ್ನು, ಬೂದಿ ಬೆಳಕಿನಲ್ಲಿ ತಡೆದು ನಿಂತ ಬೆನ್ನು, ಎರಡೂ ನಮ್ಮ ಮನೆಯವು! ನನಗಿಂತ ಮೊದಲು ಚಪ್ಪಾಳೆ ತಟ್ಟಿದವರು ಮೇಷ್ಟ್ರು. ಆಮೇಲೆ ಬಾಲ್ಕನಿ, ಆಮೇಲೆ ಗಾಂಧಿ ಕ್ಲಾಸು.

ಯಜಮಾನರಿಗೆ ಮಾತ್ರ ಕಟ್ಟಳೆಯ ಚಿಂತೆ. "ಸಂತೋಷ ವೇಣಕ್ಕ. ಈಗ ಕತ್ತಿ ಹಿಡೀರಿ. ನೀವು ಹಿಡಿದ್ರೆ ಮೊದಲರ್ಧ ಹಾಕ್ತೀನಿ."

"ಮೆಟ್ಟಿಲು ಹಾಕಿ."

"ಗೆದ್ದದ್ದು ಮೊದಲರ್ಧ ಅಲ್ವಾ? ಎದ್ದ ಕೈಗಳನ್ನ ನೀವೇ ನೋಡಿದ್ರಿ."

"ಗೊತ್ತಿಲ್ಲದೆ ಎತ್ತಿದ ಕೈ ಅವು. ಈಗ ಇನ್ನೊಂದು ಸಲ ನೋಡ್ಲಿ, ಆಮೇಲೆ ಎತ್ತಲಿ."

"ಸರಿ, ಎರಡಕ್ಕೂ ಸೇರಿಸಿಯೇ ಕೊಡ್ತಿದ್ದೀನಿ ಅಂದ್ಕೊಳ್ಳಿ. ಹಾರಿದ್ದಕ್ಕೂ ನಡೆದದ್ದಕ್ಕೂ. ಹಾಕೋದು ಮಾತ್ರ ಮೊದಲರ್ಧವೇ. ಇಷ್ಟು ಜನದ ಮುಂದೆ ನನ್ನ ಮರ್ಯಾದೆ ಉಳಿಸಿ ತಾಯಿ, ತಗೊಳ್ಳಿ."

ಚಿಕ್ಕಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ತಗೊಳಲ್ಲ" ಎಂದಳು.