ಅಪ್ಪ ಬಿಚ್ಚಿದ ಏರ್ ಫಿಲ್ಟರ್ ಡಬ್ಬ

ಎಂಜಿನ್ ಸದ್ದು ಕೇಳಿಯೇ ಗಾಡಿಯ ಕಾಯಿಲೆ ಹೇಳಿಬಿಡುತ್ತಿದ್ದ ಮೆಕ್ಯಾನಿಕ್‌ಗೆ ಗಿರಾಕಿಗಳು ಇಟ್ಟ ಹೆಸರು ಕಿವಿಯಣ್ಣ. ಮಗಳು ಅವನ ಕೈಕೆಳಗೇ ಪಳಗಿದವಳು. ಈಗ ಗ್ಯಾರೇಜಿನ ಹೆಚ್ಚಿನ ಕೆಲಸವೆಲ್ಲ ಅವಳದೇ.

ಒಂದು ಬೆಳಿಗ್ಗೆ ಅವಳು ಬಂದು ನೋಡಿದರೆ, ಅಪ್ಪ ತನ್ನ ಹಳೇ ಕಾರಿನ ಬಾನೆಟ್ ಎತ್ತಿ, ಏರ್ ಫಿಲ್ಟರ್ ಕೂರುವ ಕರಿ ಪ್ಲಾಸ್ಟಿಕ್ ಡಬ್ಬವನ್ನೇ ಬಿಚ್ಚಿ ಪಕ್ಕಕ್ಕಿಟ್ಟಿದ್ದ.

“ಇದೇನಪ್ಪಾ?”

“ಗಾಡೀಲಿ ದಮ್ಮೇ ಇಲ್ಲ ಕಣೇ. ಕಂಪನಿಯವರು ಮೂಗಿಗೆ ಬಟ್ಟೆ ಕಟ್ಟಿ ಕಳಿಸಿದಾರೆ. ಚೆನ್ನಾಗಿ ಉಸಿರಾಡಲಿ.”

ಅವಳಿಗೆ ನಗು ಬಂತು, ಆಶ್ಚರ್ಯವೂ ಆಯಿತು. ಇಂಥದ್ದೇ ಕೆಲಸ ಮಾಡಿಕೊಡಿ ಎಂದು ಬಂದವರನ್ನು ‘ಸದ್ದು ಏರಿದ ಮಾತ್ರಕ್ಕೆ ಓಟ ಏರಲ್ಲ’ ಎಂದು ಗದರಿ ಕಳಿಸುತ್ತಿದ್ದವನು ಇದೇ ಅಪ್ಪ. ಅವನು ಡಬ್ಬದ ಜಾಗದಲ್ಲಿ ಶಂಕುವಿನಾಕಾರದ ತೆರೆದ ಫಿಲ್ಟರ್ ಕೂರಿಸಿ ಎಂಜಿನ್ ಚಾಲು ಮಾಡಿದ. ಕಾರು ಗುರ್ ಎಂದು ಗರ್ಜಿಸಿತು. ಅವನ ಮುಖ ಅರಳಿತು.

“ನೋಡು, ಈಗ ಜೀವ ಬಂತು!”

ಆ ಭಾನುವಾರ ಅಪ್ಪ, ಅಮ್ಮ, ಮಗಳು ಮೂವರೂ ಗುಡ್ಡದ ಮೇಲಿನ ಸೋದರತ್ತೆಯ ಮನೆಗೆ ಹೊರಟರು. ಮಗಳು ಓಡಿಸುತ್ತಿದ್ದಳು. ಏರುದಾರಿಯಲ್ಲಿ ಲಾರಿಯೊಂದರ ಹಿಂದೆ ತೆವಳಿ ತೆವಳಿ ಎಂಜಿನ್ ಬಿಸಿಯೇರಿತ್ತು. ಜಾಗ ಸಿಕ್ಕಾಗ ಅವಳು ಆಕ್ಸಿಲರೇಟರ್ ಒತ್ತಿದಳು. ಸದ್ದೇನೋ ಏರಿತು, ಕಾರು ಏರಲೊಲ್ಲದು. ತೆರೆದ ಫಿಲ್ಟರ್ ಎಂಜಿನ್ನಿನ ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತಿದೆ, ಅದಕ್ಕೇ ಬಲ ಸಾಲುತ್ತಿಲ್ಲ ಎಂದು ಅವಳಿಗೆ ತಕ್ಷಣ ಹೊಳೆಯಿತು.

“ಹೇಗೆ ಎಳೀತಿದೆ ನೋಡು!” ಎಂದ ಅಪ್ಪ.

“ನನ್ನ ತಲೆ ಸಿಡೀತಿದೆ,” ಎಂದಳು ಹಿಂದಿನ ಸೀಟಿನ ಅಮ್ಮ.

ಅಷ್ಟರಲ್ಲಿ ಮುಂದುಗಡೆಯಿಂದ ಕೀಂಯ್ ಎಂದು ಕಿರುಚುವ ಸದ್ದು ಬಂತು. ಎಂಜಿನ್ನಿನ ಬೆಲ್ಟ್ ಸಡಿಲವಾಗಿತ್ತು. ರಸ್ತೆ ಬದಿಯಲ್ಲಿ ನಡೆಯುತ್ತಿದ್ದವರೂ ತಿರುಗಿ ನೋಡಿದರು. ಅಪ್ಪ ಮಾತ್ರ ನಗುಮೊಗದಲ್ಲೇ ಕೂತಿದ್ದ.

“ಅಪ್ಪಾ, ಬೆಲ್ಟ್ ಕಿರುಚ್ತಾ ಇದೆ.”

“ಎಲ್ಲಿ?”

ಅವಳು ಅವನ ಕಡೆ ತಿರುಗಿ ನೋಡಿದಳು. ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಇಳಿದಳು. ಅವನೂ ಇಳಿದು ಬಂದ.

“ಯಾವಾಗಿಂದ ಕೇಳಿಸ್ತಿಲ್ಲ ಅಪ್ಪಾ?”

ಅವನು ತಲೆ ತಗ್ಗಿಸಿದ. “ಬಹಳ ದಿನ ಆಯ್ತು ಕಣಮ್ಮ. ಮೊದಲು ಸಣ್ಣ ಸಣ್ಣ ಸದ್ದು ಹೋದವು. ಆಮೇಲೆ ಇಡೀ ಗಾಡಿನೇ ದೂರ ಹೋದ ಹಾಗಾಯ್ತು. ಸ್ಟಿಯರಿಂಗ್ ಹಿಡಿದರೆ ಯಾರದೋ ಗಾಡಿ ಅನ್ನಿಸೋದು.”

“ಮತ್ತೆ ಗಿರಾಕಿಗಳ ಗಾಡಿ?”

“ಅದಕ್ಕೇ ತಾನೇ ನಿನ್ನ ಕರೆದು, ಏನು ಕೇಳಿಸ್ತಿದೆ ಹೇಳು ನೋಡೋಣ ಅಂತಿದ್ದೆ.”

ತನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ ಎಂದೇ ಅವಳು ತಿಳಿದಿದ್ದಳು. ತಪ್ಪು ಹೇಳಿದರೆ ಬೈಗುಳ ಎಂದು ಉಸಿರು ಬಿಗಿಹಿಡಿದು ಆಲಿಸುತ್ತಿದ್ದಳು. ಅವಳು ಸ್ಪ್ಯಾನರ್ ತೆಗೆದು ಬೆಲ್ಟ್ ಬಿಗಿ ಮಾಡತೊಡಗಿದಳು.

ಅಮ್ಮ ಕಿಟಕಿಯಿಂದ ತಲೆ ಹೊರಹಾಕಿದಳು. “ಮದುವೆಯಾದಾಗಿಂದ ಇವರಿಗೆ ನನ್ನ ಮಾತು ಕೇಳಿಸಿಲ್ಲ. ಇದರಲ್ಲಿ ಹೊಸದೇನು ಬಂತೀಗ?”

ಅಪ್ಪನಿಗೆ ಅದು ಕೇಳಿಸಲಿಲ್ಲ. ಆದರೆ ಮಗಳು ನಕ್ಕಿದ್ದು ನೋಡಿ ತಾನೂ ನಕ್ಕ.

ಮರುದಿನ ಅವಳು ಹಳೇ ಡಬ್ಬವನ್ನು ಕೈಗೆತ್ತಿಕೊಂಡಳು. ವಾಪಸ್ ಹಾಕಿಬಿಡುವುದು ಸುಲಭದ ಕೆಲಸ. ಆದರೆ ಗರ್ಜನೆ ಕೇಳಿ ಅರಳಿದ ಆ ಮುಖ ಕಣ್ಣ ಮುಂದೆ ಬಂತು. ಡಬ್ಬ ಕೆಳಗಿಟ್ಟು ತಗಡು ಕತ್ತರಿಸಿದಳು. ಫಿಲ್ಟರ್‌ಗೂ ಎಂಜಿನ್ನಿಗೂ ನಡುವೆ ಅಡ್ಡಗೋಡೆಯಂತೆ ಅದನ್ನು ನಿಲ್ಲಿಸಿ, ಮುಂದಿನ ಜಾಲರಿಯ ಹಿಂದಿನಿಂದ ದಪ್ಪ ಪೈಪ್ ಎಳೆದು ಹೊರಗಿನ ತಣ್ಣನೆ ಗಾಳಿಗೆ ದಾರಿ ಮಾಡಿದಳು.

“ಹಳೇದೇ ಹಾಕ್ತೀಯ ಅಂದ್ಕೊಂಡಿದ್ದೆ,” ಎಂದ ಅಪ್ಪ.

ಅವಳು ಅವನ ಹತ್ತಿರ ಬಂದು, ಮುಖ ನೋಡುತ್ತ ಗಟ್ಟಿಯಾಗಿ ಹೇಳಿದಳು: “ಸದ್ದು ಇರಲಿ. ಆದರೆ ನಾಳೆ ನನ್ನ ಜೊತೆ ಡಾಕ್ಟರ ಹತ್ರ ಬರಬೇಕು.”

ಗೊಣಗುತ್ತಲೇ ಹೋದ. ಕಿವಿಗೆ ಮೆಷಿನ್ ಬಂತು. ಗ್ಯಾರೇಜಿನ ಸುತ್ತಿಗೆ ಸದ್ದಿಗೆ ತಲೆ ಚಿಟ್ಟು ಹಿಡಿಯುತ್ತದೆಂದು ಅರ್ಧ ದಿನ ಅದು ಜೇಬಿನಲ್ಲೇ ಇರುತ್ತಿತ್ತು. ಕಾರು ಗುಡ್ಡವನ್ನು ಡಬ್ಬ ಇದ್ದಾಗಿನಷ್ಟೇ ಸಲೀಸಾಗಿ ಹತ್ತಿತು, ಅದಕ್ಕಿಂತ ಹೆಚ್ಚೇನೂ ಅಲ್ಲ. ಆ ವಿಷಯ ಇಬ್ಬರೂ ಎತ್ತಲಿಲ್ಲ.

ಕೆಲವು ದಿನಗಳ ನಂತರ ಟ್ಯಾಕ್ಸಿಯವನೊಬ್ಬ ಬಂದು, ಎಂಜಿನ್ನಿನಲ್ಲಿ ಏನೋ ಟಕಟಕ ಎನ್ನುತ್ತಿದೆ, ಕೇಳಿ ಹೇಳಿ ಎಂದ. ಅಪ್ಪ ಬಾನೆಟ್ ಮೇಲೆ ಕೈಯಿಟ್ಟ.

“ನನಗೆ ಅಷ್ಟು ಸರಿಯಾಗಿ ಕೇಳಿಸಲ್ಲ ಕಣಪ್ಪ,” ಎಂದ, ಎಲ್ಲರಿಗೂ ಕೇಳಿಸುವಂತೆ. “ಮಗಳನ್ನ ಕೇಳು.”

ಅವಳು ಕೈ ಒರೆಸಿಕೊಳ್ಳುತ್ತ ಎದ್ದು ಬಂದಳು.